ಪಕ್ಕದ ಮಂಚದ ಕೂಸು

ಗಯಾಬಾಯಿ ಸಾಕ್ಷಿ ಹೇಳಲು ಎದ್ದು ನಿಂತಳೆಂದರೆ ಹುಮನಾಬಾದಿನ ಚರ್ಚಿನಲ್ಲಿ ತೂಕಡಿಸುತ್ತಿದ್ದವರೂ ಕಣ್ಣು ಬಿಡುತ್ತಿದ್ದರು. ಪಾಸ್ಟರರ ಪ್ರಸಂಗಕ್ಕೆ ಆಕಳಿಸುವ ಮುದುಕರು ಅವಳ ಮಾತಿಗೆ ಮಾತ್ರ ಕಿವಿಯ ಮೇಲಿನ ಮಫ್ಲರ್ ಸರಿಸಿ ಕೂರುತ್ತಿದ್ದರು. ಕಳೆದುಹೋದ ಎಮ್ಮೆ ಚಿಟಗುಪ್ಪದ ದಾರಿಯಲ್ಲಿ ಸಿಕ್ಕ ಕಥೆಯನ್ನೇ ಹೇಳಿ ಹೆಂಗಸರ ಕಣ್ಣಲ್ಲಿ ನೀರು ತರಿಸಿದವಳು ಅವಳು. ಅಂಥವಳಿಗೆ ಈ ಸಲ ಹೇಳಲು ಸಿಕ್ಕಿದ್ದು ಎಮ್ಮೆಯ ಸುದ್ದಿಯಲ್ಲ, ಮೊಮ್ಮಗಳು ಸಲೋಮಿಯ ಜೀವದ ಸುದ್ದಿ.

ಐದು ವರ್ಷದ ಸಲೋಮಿಗೆ ಮಳೆಗಾಲದ ಕೊನೆಯಲ್ಲಿ ಡೆಂಗಿ ಜ್ವರ ಬಂದು ಬೀದರಿನ ಆಸ್ಪತ್ರೆಯೊಂದರಲ್ಲಿ ಮಲಗಿಸಿದ್ದರು. ರಕ್ತದ ಕಣಗಳು ಇಳಿಯುತ್ತಲೇ ಹೋದವು. ಡಾಕ್ಟರು ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟ ದಿನ ಗಯಾಬಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಮೊಣಕಾಲೂರಿ ಹರಕೆ ಹೊತ್ತಳು. ಈ ಕೂಸು ತನ್ನ ಕಾಲ ಮೇಲೆ ನಡೆದು ಮನೆಗೆ ಬಂದರೆ ಸಭೆಯ ಮುಂದೆ ನಿಂತು ಸಾಕ್ಷಿ ಹೇಳುತ್ತೇನೆ, ಇಡೀ ಸಭೆಗೆ ಹುಗ್ಗಿ ಊಟ ಹಾಕುತ್ತೇನೆ ಎಂದಳು. ಕೂಸು ನಡೆದು ಬಂತು. ಇನ್ನು ಉಳಿದದ್ದು ಅವಳ ಪಾಲಿನ ಕೆಲಸ. ನಮ್ಮಲ್ಲಿ ಹರಕೆ ಗಿರಕೆ ಇಲ್ಲ, ಇದಕ್ಕೆ ಸ್ತುತಿಕೂಟ ಅನ್ನಬೇಕು ಎಂದು ಪಾಸ್ಟರು ತಿದ್ದಿದ್ದರು. ಗಯಾಬಾಯಿ ಆಗಲಿ ಎಂದು ತಲೆಯಾಡಿಸಿ, ಮನೆಗೆ ಬಂದು ಮತ್ತೆ ಹರಕೆ ಎಂದೇ ಅನ್ನುತ್ತಿದ್ದಳು. ಬದುಕಿ ಬಂದವರನ್ನು ವೇದಿಕೆಯ ಮುಂದೆ ನಿಲ್ಲಿಸಬೇಕು, ಹರಕೆ ಹೊತ್ತವರು ನಡೆದದ್ದನ್ನು ಹೇಳಬೇಕು, ಮಾತು ಮುಗಿಯುತ್ತಲೇ ಸಭೆಯೆಲ್ಲ ಒಂದೇ ದನಿಯಲ್ಲಿ ‘ಸ್ತೋತ್ರ’ ಅನ್ನಬೇಕು, ಆಮೇಲೆ ಎಲೆ ಹಾಕಬೇಕು. ಅಲ್ಲಿ ಹಿಂದಿನಿಂದ ನಡೆದುಬಂದದ್ದು ಹೀಗೆ.

ಪಾತ್ರೆ, ಗೋಧಿ, ಬೆಲ್ಲ ಎಲ್ಲ ಗೊತ್ತುಮಾಡಿಯಾಗಿತ್ತು. ಗೊತ್ತಾಗದೆ ಉಳಿದದ್ದು ಸೊಸೆ ಮೀನಾಳ ಮನಸ್ಸೊಂದೇ.

ಅಡುಗೆಯ ಮಾತಾಡಲು ಚರ್ಚಿನ ಹೆಂಗಸರು ಮನೆಗೆ ಬಂದಿದ್ದ ಮಧ್ಯಾಹ್ನ ಮೀನಾ ಪಡಸಾಲೆಯ ಮೂಲೆಯಲ್ಲಿ ಮಷಿನ್ ಮೇಲೆ ಯಾರದೋ ಬ್ಲೌಸು ಹೊಲಿಯುತ್ತ ಕೂತಿದ್ದಳು. ಚಹಾ ಕುಡಿದ ಮೇಲೆ ಹೆಂಗಸರು, ಸಾಕ್ಷಿಯಲ್ಲಿ ಏನು ಹೇಳುತ್ತೀ ಎಂದು ಗಯಾಬಾಯಿಯನ್ನು ಕೆಣಕಿದರು. ಅವಳಿಗೂ ಅಷ್ಟೇ ಬೇಕಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಶುರು ಮಾಡಿದಳು. ಜ್ವರ ಬಂದದ್ದು, ಬಾಡಿಗೆ ಗಾಡಿ ಸಿಗದೆ ಮಗ ಅಜೀತನ ಬೇಳೆ ಸಾಗಿಸುವ ಟೆಂಪೋದಲ್ಲೇ ಕೂಸನ್ನು ಒಯ್ದದ್ದು, ಎಲ್ಲ ಬಂತು. ಕೊನೆಗೆ ದನಿ ತಗ್ಗಿಸಿದಳು.

"ನಮ್ಮ ಪಲಂಗದ ಬಾಜೂಕ ಇನ್ನೊಂದು ಕೂಸಿತ್ತು. ಅದೇ ಜ್ವರ, ಅದೇ ವಯಸ್ಸು, ಅದೇ ಡಾಕ್ಟರ್. ಆ ಕೂಸು ಹೋತು. ನಮ್ಮ ಕೂಸಿನ್ನ ಕರ್ತ ತನ್ನ ಅಂಗೈದಾಗ ಹಿಡಕೊಂಡ."

ಹೆಂಗಸರು ಸ್ತೋತ್ರ ಎಂದರು. ಒಬ್ಬಳು ಕಣ್ಣೊರೆಸಿಕೊಂಡಳು. ಮಷಿನ್ ನಿಂತಿತು.

"ಆ ಕೂಸಿಗಿ ಹೆಸರಿತ್ತರಿ ಅತ್ತಿ," ಎಂದಳು ಮೀನಾ. "ಆರ್ಜೂ."

ಅಷ್ಟು ಹೇಳಿ ಮತ್ತೆ ಮಷಿನ್ ತುಳಿಯತೊಡಗಿದಳು. ಬಂದವರು ಬೆಲ್ಲದ ಮಾತನ್ನು ಬೇಗಬೇಗ ಮುಗಿಸಿ ಚಪ್ಪಲಿ ಹುಡುಕಿದರು.

ಆರ್ಜೂ ಬಸವಕಲ್ಯಾಣದ ಕೂಸು. ಮೀನಾಳ ತವರೂ ಅದೇ ಊರು. ಆರ್ಜೂಳ ತಾಯಿ ತಾಹೇರಾಳ ಮನೆ ತವರುಮನೆಯಿಂದ ಎರಡು ಗಲ್ಲಿ ಆಚೆ ಎನ್ನುವುದು ಆಸ್ಪತ್ರೆಯಲ್ಲೇ ಗೊತ್ತಾಗಿತ್ತು. ಇಬ್ಬರು ತಾಯಂದಿರು ಒಂದೇ ಬುತ್ತಿ ಬಿಚ್ಚಿ ತಿಂದರು, ಒಬ್ಬಳು ಕಣ್ಣು ಮುಚ್ಚಿದರೆ ಇನ್ನೊಬ್ಬಳು ಎರಡೂ ಸಲೈನ್ ಬಾಟಲಿ ನೋಡಿಕೊಂಡಳು. ಗಯಾಬಾಯಿ ಸಲೋಮಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದನ್ನು ಆರ್ಜೂಳ ಅಜ್ಜಿ ಮುನ್ನಿ ಬೀ ನೋಡುತ್ತಿದ್ದಳು. ಒಂದು ದಿನ ಹತ್ತಿರ ಬಂದು, ನಮ್ಮ ಕೂಸಿನ ತಲೆಯ ಮೇಲೂ ಕೈ ಇಡಿರಿ, ದುವಾ ಯಾರದಾದರೇನು ಎಂದು ಕೇಳಿದಳು. ಗಯಾಬಾಯಿ ಇಟ್ಟಳು. ಕಾಟಾಚಾರಕ್ಕಲ್ಲ, ಮನಸಾರೆ ಇಟ್ಟಳು. ಆ ಪುಟ್ಟ ಹಣೆಯ ಬಿಸಿ ಅಂಗೈಗೆ ತಾಗಿದಾಗ ತನ್ನ ಕೂಸಿಗೆ ಅತ್ತಷ್ಟೇ ಅತ್ತಳು. ಮಾರನೆಯ ದಿನ ಆರ್ಜೂ ಹೋದಳು. ಅದರ ಮಾರನೆಯ ದಿನ ಸಲೋಮಿ ಗಂಜಿ ಕೇಳಿದಳು.

"ಆಕಿ ತಲಿ ಮ್ಯಾಲೂ ನೀವೇ ಕೈ ಇಟ್ಟಿದ್ರಿ. ಅದನ್ಯಾಕ ಹೇಳಲಿಲ್ಲ?" ಎಂದು ಹೆಂಗಸರು ಹೋದ ಮೇಲೆ ಮೀನಾ ಲೋಟ ತೊಳೆಯುತ್ತ ಕೇಳಿದಳು.

ಸಾಕ್ಷಿಯಲ್ಲಿ ಅದೆಲ್ಲ ಬರುವುದಿಲ್ಲ ಎಂದಳು ಗಯಾಬಾಯಿ. ಅವಳು ಸುಳ್ಳು ಹೇಳಲಿಲ್ಲ. ಕಷ್ಟ ಬಂತು, ಪ್ರಾರ್ಥಿಸಿದೆ, ದೇವರು ಕೇಳಿದ. ಅವಳು ಕೇಳಿದ ಸಾಕ್ಷಿಗಳೆಲ್ಲ ಹೀಗೇ ಇದ್ದವು. ಪ್ರಾರ್ಥಿಸಿದೆ, ಕೂಸು ಸತ್ತಿತು ಎಂದು ಯಾರೂ ಎದ್ದು ನಿಂತು ಹೇಳಿದ್ದನ್ನು ಅವಳು ಕಂಡಿರಲಿಲ್ಲ.

ಜಗಳ ಹೊತ್ತಿಕೊಂಡದ್ದು ಅದೇ ವಾರ ಊಟದ ಮುಂದೆ. ಆ ಮನೆಯಲ್ಲಿ ಪ್ರಾರ್ಥನೆಯಾಗದೆ ರೊಟ್ಟಿ ಮುರಿಯುವಂತಿರಲಿಲ್ಲ, ಪ್ರಾರ್ಥನೆಗೆ ಸರದಿ ಇತ್ತು. ಅಂದು ಮೀನಾಳ ಸರದಿ. ಪುಂಡಿ ಪಲ್ಯ, ರೊಟ್ಟಿ, ಬೇಳೆ ಬಡಿಸಿಯಾಗಿತ್ತು. ಎಲ್ಲರೂ ಕಣ್ಣು ಮುಚ್ಚಿದರು. ಮೀನಾ ಬಾಯಿ ತೆರೆಯಲಿಲ್ಲ. ಬೇಳೆ ಆರಿ ಕೆನೆಗಟ್ಟುವವರೆಗೂ ತೆರೆಯಲಿಲ್ಲ. ಸಲೋಮಿ ಒಂದು ಕಣ್ಣು ಬಿಟ್ಟು ಅಮ್ಮನನ್ನು ನೋಡಿದಳು.

ಅಜೀತನಿಗೆ ಹಸಿವು ತಡೆಯಲಾಗಲಿಲ್ಲ. ಎರಡು ಮಾತು ಅಂದುಬಿಡು ಎಂದು ರೇಗಿದ. ಗಯಾಬಾಯಿಯೂ ಮಾತು ಸೇರಿಸಿದಳು. ಬದುಕಿದ ಕೂಸು ಎದುರಿಗೆ ಕೂತಿರುವಾಗ ದೇವರಿಗೆ ಮುಖ ಗಂಟಿಕ್ಕುವ ತಾಯಿಯನ್ನು ತಾನು ಎಲ್ಲೂ ಕಂಡಿಲ್ಲ ಎಂದಳು.

"ನನಗ ಖುಷಿ ಇಲ್ಲಂತ ತಿಳದೀರೇನು?" ಎಂದಳು ಮೀನಾ. "ದಿನಾ ಎದ್ದ ಕೂಡಲೇ ಮೊದಲ ಆಕಿ ಉಸುರು ನೋಡ್ತೀನಿ. ಆದ್ರ ಸ್ತೋತ್ರ ಅನ್ನಲಿಕ್ಕ ಹೋದ್ರ ತಾಹೇರಾ ಕಣ್ಣ ಮುಂದ ಬರ್ತಾಳ. ದೇವರು ನಮ್ಮ ಕೂಸಿನ್ನ ಉಳಸ್ಯಾನ ಅಂದ್ರ, ಆಕಿ ಕೂಸಿನ್ನ ಕೈ ಬಿಟ್ಟಾನ ಅಂದಂಗಲ್ಲೇನ್ರಿ? ಆ ಕೂಸು ಏನ ಮಾಡಿತ್ತು?"

ಅದು ದೇವರ ಚಿತ್ತ, ಕೇಳಲು ನಾವು ಯಾರು ಎಂದಳು ಗಯಾಬಾಯಿ. ಆಮೇಲೆ, ಎಷ್ಟೋ ದಿನದಿಂದ ಎದೆಯೊಳಗೆ ಕಟ್ಟಿಟ್ಟುಕೊಂಡಿದ್ದ ಭಯ ತಾನಾಗಿ ಬಾಯಿಗೆ ಬಂತು. "ಹೊತ್ತ ಹರಕಿ ಮುಟ್ಟಸದಿದ್ರ ಜ್ವರ ತಿರುಗಿ ಬಂದೀತು, ಮೀನಾ. ಅದನ್ನ ನೆನಸಿದ್ರ ನನಗ ನೀರು ಇಳಿಯಲ್ಲ."

"ಹುಗ್ಗಿ ಹಾಕಲಿಲ್ಲಂತ ಕೂಸಿನ್ನ ಕೊಲ್ಲೋ ದೇವರಿಗೇನ್ರಿ ನಾವು ಇಷ್ಟು ದಿನ ಕೈ ಮುಗಿದದ್ದು?"

ಗಯಾಬಾಯಿ ತಾಟನ್ನು ಮುಂದಕ್ಕೆ ನೂಕಿದಳು. ಇಂಥ ಮಾತು ಈ ಮನೆಯಲ್ಲಿ ಯಾರೂ ಆಡಿರಲಿಲ್ಲ, ಅದೂ ಅನ್ನದ ಮುಂದೆ. ನಿನ್ನ ನಾಲಿಗೆಯೇ ಈ ಕೂಸಿಗೆ ಶಾಪ ಎಂದುಬಿಟ್ಟಳು. ಅಂದ ಮೇಲೆ ತುಟಿ ಕಚ್ಚಿಕೊಂಡಳು, ಆದರೆ ಆಡಿದ ಮಾತು ಆಗಲೇ ಊಟದ ನಡುವೆ ಬಿದ್ದಿತ್ತು. ಮೀನಾ ಎದ್ದು ಸಲೋಮಿಯನ್ನು ಎತ್ತಿಕೊಂಡಳು. ಮಲಗುವ ಮುನ್ನ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ಗಯಾಬಾಯಿಗೆ ಕೂಸು ಹುಟ್ಟಿದ ದಿನದಿಂದ ಬಂದ ರೂಢಿ.

"ಇನ್ನ ಮ್ಯಾಲ ನನ್ನ ಕೂಸಿನ ತಲಿ ಮ್ಯಾಲ ಕೈ ಇಡಬ್ಯಾಡ್ರಿ," ಎಂದಳು ಮೀನಾ.

ಬೆಳಗಿನ ಬಸ್ಸಿಗೆ ತಾಯಿ ಮಗಳು ಬಸವಕಲ್ಯಾಣಕ್ಕೆ ಹೋದರು.

ಮೊದಲ ವಾರ ಗಯಾಬಾಯಿ ಸಿಟ್ಟಿನಲ್ಲಿ ಕಳೆದಳು. ಸಿಟ್ಟಿದ್ದಾಗ ಅವಳ ರೊಟ್ಟಿ ತೆಳ್ಳಗಾಗುತ್ತಿದ್ದವು, ಅಷ್ಟು ಬಡಿಯುತ್ತಿದ್ದಳು. ಎರಡನೆಯ ವಾರ ರೊಟ್ಟಿ ದಪ್ಪಗಾದವು. ಅಜೀತ ಬೇಳೆ ಹೇರಿಕೊಂಡು ಎರಡೂ ಊರಿನ ನಡುವೆ ಓಡಾಡುವವನು, ಹೋದಾಗ ಹೆಂಡತಿಯ ಮನೆಯಲ್ಲಿ ಉಂಡು ಬರುತ್ತಿದ್ದ. ಅಲ್ಲಿ ಏನು ನಡೆದಿದೆ ಎಂದು ಕೇಳಿದರೆ ಆರಾಮ ಇದ್ದಾರೆ ಅನ್ನುತ್ತಿದ್ದ. ಮಗನ ಬಾಯಿಂದ ಮಾತು ತೆಗೆಯುವುದು ಬೋರು ಹಾಕಿ ನೀರು ತೆಗೆದಷ್ಟು ಕಷ್ಟ. ಸ್ತುತಿಕೂಟವನ್ನು ಮುಂದಕ್ಕೆ ಹಾಕಬೇಕಾಯಿತು. ಬೀಗತಿಗೆ ಮೈ ಸರಿಯಿಲ್ಲ ಎಂದು ಗಯಾಬಾಯಿ ಚರ್ಚಿನಲ್ಲಿ ಸುಳ್ಳು ಹೇಳಿದಳು. ಯಾರೂ ನಂಬಲಿಲ್ಲ. ಆ ಮನೆಯಲ್ಲಿ ಯಾವುದೋ ಪಾಪ ಬಚ್ಚಿಟ್ಟಿದ್ದಾರೆ, ಅದಕ್ಕೇ ಕೂಸಿಗೆ ಜ್ವರ ಬಂದದ್ದು ಎಂಬ ಮಾತು ಬೋರಿನ ಕಟ್ಟೆಯ ಹತ್ತಿರ ಅವಳ ಕಿವಿಗೇ ಬಿತ್ತು. ಹಿಂದೆ ಬೇರೆಯವರ ಮನೆಯ ಬಗ್ಗೆ ತಾನೂ ಹೀಗೆ ಅಂದದ್ದು ನೆನಪಾಗಿ ಕೊಡ ಅರ್ಧ ತುಂಬುವ ಮೊದಲೇ ಎತ್ತಿಕೊಂಡು ಬಂದಳು.

ಪಾಸ್ಟರು ಮನೆಗೆ ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ದೇವರ ದಾರಿ ನಮಗೆ ತಿಳಿಯದು, ಕಷ್ಟ ನಮ್ಮನ್ನು ಪುಟಕ್ಕೆ ಹಾಕುತ್ತದೆ ಎಂದೆಲ್ಲ ಮೆಲ್ಲಗೆ ಹೇಳಿದರು. ಈ ಮಾತುಗಳನ್ನೇ ಎಷ್ಟೋ ಸಾವಿನ ಮನೆಗಳಲ್ಲಿ ಗಯಾಬಾಯಿ ತಾನೇ ಆಡಿದ್ದಳು. ಈಗ ಕೂತು ಕೇಳಿಸಿಕೊಂಡಾಗ ಗಂಟಲಿನ ಕೆಳಗೆ ಇಳಿಯಲಿಲ್ಲ.

"ಹಂಗಾರ ಐದು ವರ್ಷದ ಕೂಸಿಗಿ ಏನ ಪುಟ ಹಾಕೋದದರಿ ಅಯ್ಯಾ?" ಎಂದು ಕೇಳಿದಳು.

ಪಾಸ್ಟರು ಚಹಾದ ಬಸಿ ಕೆಳಗಿಟ್ಟರು. ಪ್ರಾರ್ಥನೆ ಮಾಡೋಣ ಎಂದರು. ಇಬ್ಬರೂ ಕಣ್ಣು ಮುಚ್ಚಿದರು.

ಅವರು ಹೋದ ಮೇಲೆ ಊಟಕ್ಕೆ ಕೂತ ಅಜೀತನಿಗೆ ಅವಳು ಅಂದಳು, ಮೀನಾಳನ್ನು ನೀನೇ ಗದರಿಸಿ ಕರೆದು ತಾ. ಅಜೀತ ರೊಟ್ಟಿ ಮುರಿಯುತ್ತಿದ್ದವನು ಬಿಟ್ಟ.

"ಅವ್ವಾ, ಆರ್ಜೂನ್ನ ಬೀದರಿಂದ ಅವರ ಮನಿಗಿ ಒಯ್ದದ್ದು ನನ್ನ ಟೆಂಪೋದಾಗ. ಕೆಳಗ ಇಳಸಿದಾವ ನಾನೇ. ಸಲೋಮಿಯಷ್ಟೇ ಭಾರ ಇದ್ದಳು. ಅದೇ ಕೈಲೆ ಮರುದಿನ ಸಲೋಮಿನ್ನ ಎತ್ತಿಕೊಂಡೀನಿ. ಮೀನಾಗ ಏನಂತ ಗದರಸಲಿ?"

ಮಗ ಒಮ್ಮೆಗೇ ಇಷ್ಟು ಮಾತಾಡಿದ್ದನ್ನು ಗಯಾಬಾಯಿ ಕೇಳಿ ಎಷ್ಟೋ ವರ್ಷವಾಗಿತ್ತು. ಅವನ ತಾಟಿಗೆ ಬೇಳೆ ಹಾಕಿದಳು. ಮಾರನೆಯ ದಿನ ತಾನೇ ಬಸವಕಲ್ಯಾಣದ ಬಸ್ಸು ಹತ್ತಿದಳು.

ಬೀಗತಿ ಸೋನುಬಾಯಿ ಬಾಗಿಲಲ್ಲೇ ನೀರು ಕೊಟ್ಟು, ಮೀನಾ ಮನೆಯಲ್ಲಿಲ್ಲ, ತಾಹೇರಾಳ ಮನೆಗೆ ಹೋಗಿದ್ದಾಳೆ ಎಂದಳು. ದಿನಾ ಹೋಗುತ್ತಾಳೆ, ತಾನು ಹೇಳಿ ಸೋತಿದ್ದೇನೆ, ಬದುಕಿದ ಕೂಸನ್ನು ಸತ್ತ ಮನೆಗೆ ಕರೆದೊಯ್ಯಬೇಡ ಎಂದರೆ ಕೇಳುವುದಿಲ್ಲ ಎಂದು ದೂರಿದಳು. ಗಯಾಬಾಯಿ ನೀರು ಕುಡಿದು ಗಲ್ಲಿ ಕೇಳಿಕೊಂಡು ಹೊರಟಳು. ಸೊಸೆಗೆ ಹೇಳಬೇಕಾದ ಮಾತನ್ನೆಲ್ಲ ಬಸ್ಸಿನಲ್ಲಿ ಒಂದೊಂದಾಗಿ ಜೋಡಿಸಿಕೊಂಡಿದ್ದಳು.

ತಾಹೇರಾಳ ಮನೆಯ ಅಂಗಳದಲ್ಲಿ ಮುನ್ನಿ ಬೀ ಸಲೋಮಿಯನ್ನು ಎದುರಿಗೆ ಕೂರಿಸಿಕೊಂಡು ಅನ್ನ ಬೇಳೆ ಕಲಸಿ ತುತ್ತು ಕೊಡುತ್ತಿದ್ದಳು. ಒಳಗೆ ಹೊಸ್ತಿಲ ಹತ್ತಿರ ಮೀನಾ ತಾಹೇರಾಳ ತಲೆ ಬಾಚುತ್ತಿದ್ದಳು. ಗಂಟುಗಟ್ಟಿದ ಕೂದಲು, ಎಷ್ಟು ದಿನದಿಂದ ಬಾಚಣಿಗೆ ಕಂಡಿರಲಿಲ್ಲವೋ. ತಾಹೇರಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಅಂಗಳದಿಂದ ಸಲೋಮಿಯ ನಗು ಕೇಳಿದಾಗಲೆಲ್ಲ ಅವಳ ಹೆಗಲು ಬಿಗಿಯುವುದು ದೂರಕ್ಕೂ ಕಾಣುತ್ತಿತ್ತು. ಆದರೂ ಆ ಕೂಸನ್ನು ಕರೆದುಕೊಂಡು ಹೋಗು ಎಂದು ಅವಳು ಅಂದಿರಲಿಲ್ಲ.

ಮುನ್ನಿ ಬೀ ಎದ್ದು ಚಾಪೆ ಹಾಸಿದಳು. ಊಟ ಮಾಡಿರಿ ಎಂದಳು, ಮಳೆ ನಿಂತದ್ದರ ಮಾತಾಡಿದಳು, ಅಜೀತ ಗಾಡಿಯ ಬಾಡಿಗೆ ಮುಟ್ಟದೆ ಹೋದದ್ದನ್ನು ನೆನೆದು ಅವನನ್ನು ಹರಸಿದಳು. ಗಯಾಬಾಯಿಗೆ ಜೋಡಿಸಿಟ್ಟ ಮಾತು ಒಂದೂ ನೆನಪಾಗಲಿಲ್ಲ. ಮುನ್ನಿ ಬೀ ಕೈ ತೊಳೆದು ಬಂದು ಅವಳ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡಕೋಬ್ಯಾಡ್ರಿ. ನಿಮ್ಮ ಕೂಸಿಗಿ ಯಾವ ದುವಾ ಮಾಡಿದ್ರಿ? ನಮ್ಮ ಕೂಸಿಗಿ ಮಾಡಿದ್ದಕ್ಕಿಂತ ಒಂದು ಮಾತು ಹೆಚ್ಚಿಗಿ ಇತ್ತೇನು?"

ಅದರಲ್ಲಿ ಕುಹಕವಿರಲಿಲ್ಲ. ಒಂದು ಕಣ ಕುಹಕವಿದ್ದಿದ್ದರೂ ಗಯಾಬಾಯಿಗೆ ಉತ್ತರ ಕೊಡುವುದು ಹಗುರಾಗುತ್ತಿತ್ತು. ಕೆಟ್ಟ ಸಾರಿಗೆ ಯಾವ ಮಸಾಲೆ ಕಡಿಮೆಯಾಯಿತು ಎಂದು ನೆರೆಯವಳನ್ನು ಕೇಳುವ ಹಾಗೆ ಮುದುಕಿ ತಿಳಿಯಲಿಕ್ಕೇ ಕೇಳಿದ್ದಳು. ಒಳಗೆ ಬಾಚಣಿಗೆ ನಿಂತಿತ್ತು.

"ಒಂದೇ ಇತ್ತು ಮುನ್ನಿ ಬೀ," ಎಂದಳು ಗಯಾಬಾಯಿ. "ಎರಡಕ್ಕೂ ಒಂದೇ. ನನ್ನ ಮಕ್ಕಳಾಣಿ."

"ನನಗೂ ಹಂಗೇ ಕೇಳಿತ್ತು," ಎಂದಳು ಮುನ್ನಿ ಬೀ. "ನಾ ಅಲ್ಲೇ ನಿಂತಿದ್ದೆ." ಆಮೇಲೆ, "ನೀವು ಕೈ ಇಟ್ಟ ಮ್ಯಾಲ ಆಕಿ ನಿದ್ದಿ ಮಾಡಿದಳು. ಆಕಿ ಚಲೋತಂಗ ಮಲಗಿದ್ದು ಅದೇ ಕಡೀ ಸಲ," ಎಂದಳು.

ಗಯಾಬಾಯಿ ಅತ್ತಳು. ಚರ್ಚಿನಲ್ಲಿ ಸೆರಗಿನ ತುದಿಯಿಂದ ಒರೆಸಿಕೊಳ್ಳುವ ಅಳು ಅದಲ್ಲ, ಮೂಗು ಬಾಯಿ ಒಂದಾದ ಅಳು. ದೇವರ ಮೇಲೆ ಅವಳಿಗೆ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬಂತು. ಆ ಸಿಟ್ಟಿನಲ್ಲೂ ಅವನಿಗೇ ಹೇಳಿಕೊಳ್ಳುತ್ತಿದ್ದಳು, ಬೇರೆ ಯಾರಿಗೆ ಹೇಳುವುದೆಂದು ಅವಳಿಗೆ ತಿಳಿಯದು.

ಹೊರಡುವಾಗ ಮೀನಾ ಗಲ್ಲಿಯ ತಿರುವಿನವರೆಗೆ ಬಂದಳು. ಗಯಾಬಾಯಿ ಅವಳನ್ನು ಮನೆಗೆ ಬಾ ಎಂದು ಕರೆಯಲಿಲ್ಲ. ಬರುವ ಭಾನುವಾರ ಸ್ತುತಿಕೂಟ ಇಟ್ಟುಕೊಳ್ಳುತ್ತೇನೆ ಎಂದಳು, ಅಂದು ನಿನ್ನ ನಾಲಿಗೆ ಶಾಪ ಎಂದೆನಲ್ಲ, ಅದು ತಪ್ಪು ಎಂದಳು. ನೀವು ಅಲ್ಲಿ ಏನು ಹೇಳುತ್ತೀರಿ ಎಂದು ಮೀನಾ ಕೇಳಿದಳು. ಗೊತ್ತಿಲ್ಲ ಎಂದಳು ಗಯಾಬಾಯಿ. ಸಾಕ್ಷಿಯ ವಿಷಯದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಭಾನುವಾರ ಚರ್ಚಿನ ಹಿಂದೆ ಹುಗ್ಗಿ ಕುದಿಯುತ್ತಿತ್ತು. ಸಾಕ್ಷಿಯ ಹೊತ್ತಿಗೆ ಮೀನಾ ಸಲೋಮಿಯ ಕೈ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಳು. ಕೂಸನ್ನು ಮುಂದೆ ಕಳಿಸಿ ತಾನು ಕೊನೆಯ ಸಾಲಿನಲ್ಲಿ ನಿಂತಳು. ಸಲೋಮಿ ವೇದಿಕೆಯ ಮುಂದೆ ಫ್ರಾಕು ಹಿಡಿದುಕೊಂಡು ನಿಂತಳು. ಮುದುಕರು ಮಫ್ಲರ್ ಸರಿಸಿದರು. ಗಯಾಬಾಯಿ ಎದ್ದಳು.

"ನಾ ಎರಡು ಕೂಸಿನ ತಲಿ ಮ್ಯಾಲ ಕೈ ಇಟ್ಟು ಪ್ರಾರ್ಥನಾ ಮಾಡಿದೆ. ಒಂದೇ ಕೈ, ಒಂದೇ ಪ್ರಾರ್ಥನಾ. ಒಂದು ಕೂಸು ಮನಿಗಿ ಬಂತು, ಇಲ್ಲಿ ನಿಂತದ. ಇನ್ನೊಂದು ಬರಲಿಲ್ಲ. ಆಕಿ ಹೆಸರು ಆರ್ಜೂ, ಬಸವಕಲ್ಯಾಣದಾಕಿ. ಒಂದು ಯಾಕ ಬಂತು, ಒಂದು ಯಾಕ ಬರಲಿಲ್ಲ, ನನಗ ಗೊತ್ತಿಲ್ಲ. ಕರ್ತಗ ದಿನಾ ಕೇಳಾಕತ್ತೇನಿ. ಅವ ಇನ್ನಾ ಹೇಳಿಲ್ಲ. ನನ್ನ ಸಾಕ್ಷಿ ಇಷ್ಟೇ."

ಅವಳು ಕೂತಳು. ಸ್ತೋತ್ರ ಅನ್ನಲು ಬಾಯಿ ತೆರೆದಿದ್ದವರು ಹಾಗೇ ಉಳಿದರು. ಒಬ್ಬಿಬ್ಬರು ಅರ್ಧ ಅಂದು ನುಂಗಿಕೊಂಡರು. ಪಾಸ್ಟರು ಹಾಡು ಹಿಡಿಯದೆ ಊಟಕ್ಕೆ ಏಳಿ ಎಂದರು. ಹುಗ್ಗಿ ಚೆನ್ನಾಗಿತ್ತು. ಜನ ಗಯಾಬಾಯಿಯ ಮುಖ ನೋಡದೆ ಉಂಡರು. ಸಾಕ್ಷಿ ಹೇಳಿದವರ ಹತ್ತಿರ ಬೇನೆಯವರು ಬಂದು ಪ್ರಾರ್ಥಿಸಿರಿ ಎಂದು ಮುತ್ತಿಕೊಳ್ಳುವುದು ಅಲ್ಲಿನ ರೂಢಿ. ಅಂದು ಯಾರೂ ಬರಲಿಲ್ಲ.

ಮನೆಗೆ ಬಂದಾಗ ಸಲೋಮಿ ಬಿಸಿಲಿಗೋ, ಜನರ ಗದ್ದಲಕ್ಕೋ ಬಾಡಿಹೋಗಿದ್ದಳು. ಅಮ್ಮನ ತೊಡೆಯ ಮೇಲೆ ಹಾಗೇ ಒರಗಿದಳು. ಮೀನಾ ಕೂಸಿನ ಕುತ್ತಿಗೆ ಮುಟ್ಟಿ, ಸ್ವಲ್ಪ ಬಿಸಿ ಇದೆ ಎಂದಳು. ಆಸ್ಪತ್ರೆಗೆ ಹೊರಡಲು ಅಜೀತ ಟೆಂಪೋದ ಚಾವಿ ತೆಗೆದುಕೊಂಡ. ಗಯಾಬಾಯಿಯ ಹಳೆಯ ಭಯ ಒಮ್ಮೆಗೇ ತಿರುಗಿ ಬಂತು. ಹರಕೆ ಸರಿಯಾಗಿ ಮುಟ್ಟಲಿಲ್ಲವೇ, ತಾನು ಆಡಿದ ಮಾತು ತಪ್ಪಾಯಿತೇ? ಅವಳ ಕೈ ಕೂಸಿನ ಕಡೆ ಹೋಗಿ, ಮೀನಾ ಅಂದು ಹೇಳಿದ್ದು ನೆನಪಾಗಿ ನಡುವೆಯೇ ನಿಂತಿತು.

"ಇಡ್ರಿ ಅತ್ತಿ," ಎಂದಳು ಮೀನಾ.

"ನನ್ನ ಕೈಯಾಗ ಏನೂ ಇಲ್ಲ ಮೀನಾ."

"ನನಗ ಗೊತ್ತದರಿ. ಆದ್ರೂ ಇಡ್ರಿ."

ಗಯಾಬಾಯಿ ಕೂತು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟಳು. ರೂಢಿಯ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಸಲೋಮಿ ಎಂದಳು. ಆಮೇಲೆ ಆರ್ಜೂ ಎಂದಳು. ಮತ್ತೇನು ಕೇಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಹೊರಗೆ ಅಜೀತ ಗಾಡಿ ಶುರು ಮಾಡಿ ಹಾರ್ನ್ ಹೊಡೆದ. ಕೂಸನ್ನು ಎತ್ತಿಕೊಂಡು ಎದ್ದ ಮೀನಾಳ ಜೊತೆಜೊತೆಗೆ, ಆ ತಲೆಯ ಮೇಲಿನ ಕೈ ತೆಗೆಯದೆಯೇ, ಗಯಾಬಾಯಿ ಬಾಗಿಲು ದಾಟಿದಳು.